ತೂಕ ಕದ್ದ ಕಾರು

"ಲಾರಿ ನಿಲ್ಲುತ್ತೆ ಅಂದ್ಕೊಂಡೆ ಕಣೇ."

ತುಮಕೂರಿನ ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದ ಮೇಲೆ ನನ್ನ ಗಂಡ ಚಂದ್ರಹಾಸ ಆಡಿದ ಮೊದಲ ಮಾತು ಇದು. ಬಲಗಾಲಿಗೆ ಸರಳು ಹಾಕಿದ್ದರು. ಪಕ್ಕೆಲುಬು ಮುರಿದಿತ್ತು, ಮುಖ ಗುರುತು ಸಿಗದಷ್ಟು ಊದಿತ್ತು. ಅಳಬೇಕಾಗಿದ್ದ ನನಗೆ ಕೆಟ್ಟ ಸಿಟ್ಟು ಬಂತು.

"ಜಲ್ಲಿ ತುಂಬಿದ್ದ ಲಾರಿ ರೀ ಅದು. ಹಾರನ್ ಹೊಡ್ಕೊಂಡೇ ಬಂತಂತೆ. ನೀವು ಅದರ ಮುಖ ನೋಡ್ಕೊಂಡೇ ರಸ್ತೆಗಿಳಿದ್ರಿ ಅಂತ ಟೀ ಅಂಗಡಿಯೋರೆಲ್ಲ ಹೇಳ್ತಿದಾರೆ."

"ನೋಡಿದ್ನಲ್ಲ. ದೂರ ಇತ್ತು. ಬ್ರೇಕ್ ಹಾಕಿದ್ರೆ ಆರಾಮಾಗಿ ನಿಲ್ಲೋಷ್ಟು ದೂರ."

"ಎಷ್ಟು ದೂರ? ತೋರ್ಸಿ ನೋಡಣ."

ಅವರು ಕಷ್ಟಪಟ್ಟು ಕೈ ಎತ್ತಿ, ತೆರೆದಿದ್ದ ಬಾಗಿಲಾಚೆ ವಾರ್ಡಿನ ಉದ್ದಕ್ಕೂ ಬೆರಳು ಚಾಚಿದರು. "ಅಗೋ, ಆ ನರ್ಸಮ್ಮ ಕೂತಿದಾರಲ್ಲ, ಅಲ್ಲೀಗಂಟ."

ಆ ದೂರ ನನಗೆ ಚೆನ್ನಾಗಿ ಗೊತ್ತು. ನಮ್ಮ ಟೆಸ್ಟ್ ಟ್ರ್ಯಾಕಿನಲ್ಲಿ ಅಷ್ಟೇ ದೂರಕ್ಕೆ ಬಿಳಿ ಪಟ್ಟೆ ಎಳೆದಿದ್ದೇವೆ. ನಮ್ಮ ಕಂಪನಿಯ ಹೊಸ ಲಘಿಮಾ ಕಾರಿಗೆ ಬ್ರೇಕ್ ಹಾಕಿದರೆ ಅದು ಬಂದು ನಿಲ್ಲುವುದು ಆ ಪಟ್ಟೆಯ ಮೇಲೆ. ಬುದ್ಧಿ ನೆಟ್ಟಗಿದ್ದ ಮನುಷ್ಯ ಇಪ್ಪತ್ತೈದು ಟನ್ನಿನ ಲಾರಿಯನ್ನು ನೋಡಿ ಅದು ಲಘಿಮಾದಂತೆ ನಿಲ್ಲುತ್ತದೆ ಎಂದು ಲೆಕ್ಕ ಹಾಕಿದ್ದ.

ನನ್ನ ಹೆಸರು ಪದ್ಮಿನಿ. ಶಿರಾದಲ್ಲಿ ಗ್ಯಾರೇಜ್ ಇಟ್ಟಿದ್ದ ಅಪ್ಪ, ಮಗಳು ಹುಟ್ಟಿದಾಗ ಪಂಚಾಂಗ ನೋಡುವ ಬದಲು ಶೆಡ್ಡಿನಲ್ಲಿ ನಿಂತಿದ್ದ ಪದ್ಮಿನಿ ಕಾರನ್ನು ನೋಡಿ ಹೆಸರಿಟ್ಟವರು. ಹೆಸರಿಗೆ ತಕ್ಕಂತೆ ನಾನು ಮೊದಲು ರ‍್ಯಾಲಿ ಓಡಿಸಿದೆ, ಆಮೇಲೆ ಶಿರಾ ಹೊರಗಿನ ಬಯಲಿನಲ್ಲಿ ಸ್ಪೋರ್ಟ್ಸ್ ಕಾರು ಮಾಡುವ ಕಂಪನಿಯೊಂದರಲ್ಲಿ ಮುಖ್ಯ ಟೆಸ್ಟ್ ಡ್ರೈವರ್ ಆದೆ. ಹೊಸ ಕಾರು ರಸ್ತೆಗೆ ಇಳಿಯಬಹುದು ಎಂದು ಕೊನೆಗೆ ಹೇಳಬೇಕಾದವಳು ನಾನೇ. ಲಘಿಮಾಕ್ಕೂ ಹೂಂ ಎಂದವಳು ನಾನೇ.

ಕಾರು ಓಡಿಸುವ ಸುಖ ಎಲ್ಲಿಂದ ಬರುತ್ತದೆ ಎಂದು ಯಾರಾದರೂ ಕೇಳಿದರೆ ನಾನು ತುಂಬಿದ ಬಿಂದಿಗೆಯ ಉದಾಹರಣೆ ಕೊಡುತ್ತೇನೆ. ಬಿಂದಿಗೆಯನ್ನು ಕೈ ಚಾಚಿ ಮುಂದಕ್ಕೆ ಹಿಡಿದು ಓಡಿ ನೋಡಿ, ತಿರುವಿನಲ್ಲಿ ನೆಟ್ಟಗೆ ಹೋಗಿ ಗೋಡೆಗೆ ಗುದ್ದುತ್ತೀರಿ. ಮುಂದೆ ಎಂಜಿನ್ ಇಟ್ಟು ಮುಂದಿನ ಚಕ್ರಗಳಿಂದಲೇ ಎಳೆಸುವ ಕಾರುಗಳ ಪಾಡು ಅದು. ಪಾಪ, ಆ ಚಕ್ರಗಳು ಎಳೆಯಲೂ ಬೇಕು, ತಿರುಗಲೂ ಬೇಕು. ಎಂಜಿನ್ ಮುಂದಿದ್ದು ಶಕ್ತಿ ಹಿಂದಿನ ಚಕ್ರಗಳಿಗೆ ಹೋದರೆ ಮುಂದಿನವಕ್ಕೆ ತಿರುಗುವುದೊಂದೇ ಕೆಲಸ, ರಸ್ತೆಯ ಸುದ್ದಿಯೆಲ್ಲ ಸ್ಟಿಯರಿಂಗಿನಿಂದ ಅಂಗೈಗೆ ಬರುತ್ತದೆ. ಬಿಂದಿಗೆಯನ್ನು ಬೆನ್ನಿಗೆ ಕಟ್ಟಿಕೊಂಡರೆ, ಅಂದರೆ ಎಂಜಿನ್ ಬಾಲದಲ್ಲಿದ್ದರೆ, ತಿರುವಿನಲ್ಲಿ ಹೆದರಿ ಆಕ್ಸಿಲರೇಟರ್ ಬಿಟ್ಟಿರೋ, ಬಾಲ ಮುಂದಕ್ಕೆ ಬಂದು ನಿಮ್ಮ ಮುಖವನ್ನೇ ನೋಡುತ್ತದೆ. ಸೊಂಟದಲ್ಲಿಟ್ಟುಕೊಂಡರೆ, ಅಂದರೆ ಎಂಜಿನ್ ಸೀಟಿನ ಬೆನ್ನಿಗೇ ಇದ್ದರೆ, ಕಾರು ಮನಸ್ಸು ಮಾಡಿದ ಕಡೆ ತಿರುಗುತ್ತದೆ; ಜಾರುವಾಗ ಮಾತ್ರ ಹೇಳದೆ ಕೇಳದೆ ಜಾರುತ್ತದೆ. ಬಿಂದಿಗೆ ಎಲ್ಲೇ ಇರಲಿ, ಅದು ಚಿಕ್ಕದಿದ್ದಷ್ಟೂ ಓಡುವವರಿಗೆ ಸುಖ.

ಪೆಟ್ರೋಲ್ ಬಂಕುಗಳು ಮುಚ್ಚುತ್ತ ಬಂದು ಎಲ್ಲ ಕಾರುಗಳೂ ಬ್ಯಾಟರಿಯವಾದಾಗ ಈ ಸುಖಕ್ಕೆ ಕಲ್ಲು ಬಿತ್ತು. ಕಾರಿನ ಹೊಟ್ಟೆಯಡಿ ಹಾಸಿದ ಬ್ಯಾಟರಿಯೇ ಅರ್ಧ ಟನ್ನಿನ ಮೇಲೆ. ವೇಗವೇನೋ ಕಣ್ಣು ಕತ್ತಲಿಡುವಷ್ಟಿತ್ತು. ಆದರೆ ಓಡಿಸಿದವರೆಲ್ಲ ಇಳಿದ ಮೇಲೆ ಒಂದೇ ರಾಗ ತೆಗೆಯುತ್ತಿದ್ದರು, "ಸೋಫಾ ಮೇಲೆ ಕೂತು ಲಿಫ್ಟಲ್ಲಿ ಹೋದಂಗಾಯ್ತು" ಎಂದು.

ಆಗ ನಮ್ಮಲ್ಲಿಗೆ ಬಂದವರು ಡಾಕ್ಟರ್ ಇಂದುಶೇಖರ್. ಬ್ರೇಕಿಗಿಂತ ಮನುಷ್ಯರ ಕಿವಿಯ ಬಗ್ಗೆ ಹೆಚ್ಚು ತಿಳಿದ ವಿಜ್ಞಾನಿ. ತೂಕವನ್ನು ಕಾರಿನಿಂದ ತೆಗೆಯಲು ಆಗದಿದ್ದರೆ ಓಡಿಸುವವನಿಂದ ತೆಗೆಯೋಣ ಎಂದರು. ವಾಲುವುದು, ನುಗ್ಗುವುದು, ನಿಲ್ಲುವುದು ಎಲ್ಲವನ್ನೂ ಮೈಗೆ ತಿಳಿಸುವುದು ಒಳಗಿವಿ. ಸೀಟಿನ ತಲೆದಿಂಬಿನಲ್ಲಿ, ಕಿವಿಗಳ ಹಿಂದಕ್ಕೆ ಬರುವಂತೆ ಎರಡು ಮೆತ್ತನೆಯ ಪ್ಯಾಡ್ ಇಟ್ಟು, ಗೊತ್ತೇ ಆಗದಷ್ಟು ಸಣ್ಣ ಕರೆಂಟ್ ಹರಿಸಿದರೆ ಒಳಗಿವಿ ಹೇಳುವ ಸುದ್ದಿಯನ್ನೇ ಬದಲಾಯಿಸಬಹುದು. ನಾಲ್ಕು ಚಕ್ರಗಳಿಗೆ ನಾಲ್ಕು ಮೋಟರ್ ಇದ್ದುದರಿಂದ ಎಂಜಿನ್ ಎಲ್ಲಿದೆ ಎಂಬ ನಾಟಕವನ್ನೂ ಆಡಿಸಬಹುದಿತ್ತು. ಪರದೆಯ ಮೇಲೆ ಬೆರಳಿಟ್ಟು ಆರಿಸಿದರೆ ಸಾಕು: ಎಂಜಿನ್ ನಡುವೆ, ತೂಕ ಏಳುನೂರು ಕಿಲೋ. ನಿಜವಾಗಿ ನೀವು ಕೂತಿರುವುದು ಎರಡು ಟನ್ ದಾಟಿದ ಕಾರಿನಲ್ಲಿ. ನೀವು ತಡವಾಗಿ ಬ್ರೇಕ್ ಹಾಕಿದರೆ ಕಾರು ತಾನೇ ಮೊದಲೇ ಹಾಕಿರುತ್ತಿತ್ತು. ಸುಳ್ಳು ಎಂದೂ ಸಿಕ್ಕಿಬೀಳುತ್ತಿರಲಿಲ್ಲ.

ಅದಕ್ಕೆ ಲಘಿಮಾ ಎಂದು ಹೆಸರಿಟ್ಟರು. ಹಗುರವಾಗುವ ಸಿದ್ಧಿ. ನಾವು ಡ್ರೈವರುಗಳು ಅದನ್ನು ತೂಕಗಳ್ಳ ಎಂದು ಕರೆಯುತ್ತಿದ್ದೆವು. ಮೊದಲ ದಿನ ಓಡಿಸಿ ಇಳಿದಾಗ ನನ್ನ ಕಣ್ಣಲ್ಲಿ ನೀರಿತ್ತು. ಇಪ್ಪತ್ತು ವರ್ಷದ ಹಿಂದಿನ ರ‍್ಯಾಲಿ ಕಾರು ವಾಪಸು ಬಂದಿದೆ ಅನ್ನಿಸಿತು.

ನಾವು ಆರು ಡ್ರೈವರುಗಳು ಎಂಟು ತಿಂಗಳು ಅದನ್ನು ಓಡಿಸಿ ಉಜ್ಜಿದೆವು. ಇಂದುಶೇಖರ್ ವಾರಕ್ಕೊಮ್ಮೆ ನಮ್ಮನ್ನು ಲ್ಯಾಬಿಗೆ ಕರೆದು ಒಂಟಿಗಾಲಲ್ಲಿ ನಿಲ್ಲಿಸಿದರು, ತೂಕ ಎತ್ತಿಸಿದರು, ಕಣ್ಣು ಕಟ್ಟಿ ನಡೆಸಿದರು. ಯಾರಿಗೂ ಏನೂ ಆಗಿರಲಿಲ್ಲ. ಆಮೇಲೆ ಮಾರಾಟಕ್ಕೆ ಮುಂಚೆ ಸಾಮಾನ್ಯ ಜನ ಏನೆನ್ನುತ್ತಾರೆ ನೋಡೋಣ ಎಂದು ಕಂಪನಿ ಕೆಲವು ಮನೆಗಳಿಗೆ ಕಾರು ಕೊಟ್ಟಿತು. ನಮ್ಮ ಮನೆಗೂ ಒಂದು ಬಂತು. ಚಂದ್ರಹಾಸ ಶಿರಾದಲ್ಲಿ ವಾಲಿಬಾಲ್ ಕೋಚ್. ದಿನಾ ಬೆಳಿಗ್ಗೆ ಒಂಬತ್ತು ವರ್ಷದ ಮಗಳು ಮೈತ್ರಿಯನ್ನು ಹಿಂದೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಅಲ್ಲಿಂದ ಮೈದಾನಕ್ಕೆ ಹೋಗುತ್ತಿದ್ದರು. ಸಂಜೆ ಅದೇ ದಾರಿ. ಅಪ್ಪ ಮಗಳು ಇಬ್ಬರೂ ಕುಣಿದಾಡುತ್ತಿದ್ದರು. ನಾನು ಎಂದಿನಂತೆ ಸ್ಕೂಟರಿನಲ್ಲಿ ಟ್ರ್ಯಾಕಿಗೆ ಹೋಗುತ್ತಿದ್ದೆ.

ತಿಂಗಳು ಕಳೆಯುವಷ್ಟರಲ್ಲಿ ಚಂದ್ರಹಾಸ ಇಪ್ಪತ್ತು ಲೀಟರ್ ನೀರಿನ ಕ್ಯಾನನ್ನು ಬೆರಳಲ್ಲಿ ಎತ್ತಲು ಹೋಗಿ ಕಾಲಿನ ಮೇಲೆ ಬೀಳಿಸಿಕೊಂಡರು. ಗ್ಯಾಸ್ ಸಿಲಿಂಡರ್ ಎತ್ತಲು ಬಗ್ಗಿ ಅಲ್ಲೇ ಮುಗ್ಗರಿಸಿದರು. ಮೈದಾನದಲ್ಲಿ ಹುಡುಗಿಯರು ಎಸೆದ ಕಸರತ್ತಿನ ಭಾರದ ಚೆಂಡನ್ನು ಹಿಡಿಯಹೋಗಿ ಅಂಗಾತ ಬಿದ್ದರಂತೆ. "ಸರ್‌ಗೆ ವಯಸ್ಸಾಯ್ತು" ಎಂದು ಹುಡುಗಿಯರು ನಕ್ಕಿದ್ದನ್ನು ಮನೆಗೆ ಬಂದು ಹೇಳಿ ತಾವೂ ನಕ್ಕರು. ಡಾಕ್ಟರು ರಕ್ತ ಪರೀಕ್ಷೆ ಮಾಡಿ ಎಲ್ಲ ಸರಿಯಿದೆ ಎಂದರು.

"ಆ ಮಶೀನಿಗೇನು ಗೊತ್ತು? ಅಳಿಯಂದಿರು ಸೊರಗವ್ರೆ" ಎಂದು ನನ್ನಮ್ಮ ವಾರವಿಡೀ ಕಾಲು ಸೂಪು ಕುಡಿಸಿದಳು. ನಾನು ಗಂಡನನ್ನು ಗೇಲಿ ಮಾಡುತ್ತ ಪಕ್ಕದಲ್ಲಿ ಕೂತು ಅದೇ ಸೂಪು ಕುಡಿದೆ. ಕಣ್ಣೆದುರಿಗೇ ನಡೆಯುತ್ತಿತ್ತು, ನನಗೆ ಹೊಳೆಯಲಿಲ್ಲ.

ಆಸ್ಪತ್ರೆಯಿಂದ ನೆಟ್ಟಗೆ ಕಂಟ್ರೋಲ್ ರೂಮಿಗೆ ಹೋದೆ. ಅಂದು ಸಂಜೆಯೇ ಬೆಂಗಳೂರಿನಲ್ಲಿ ಮೊದಲ ಮುನ್ನೂರು ಗಿರಾಕಿಗಳಿಗೆ ಲಘಿಮಾದ ಕೀ ಕೊಡುವ ಸಮಾರಂಭ. ಇಂದುಶೇಖರ್ ಹೊಸ ಕೋಟು ಹಾಕಿಕೊಂಡು ಹೊರಡುವ ಅವಸರದಲ್ಲಿದ್ದರು.

"ಮೇಡಂ, ಚಂದ್ರಹಾಸ್ ಹೇಗಿದಾರೆ? ನಾನೇ ಬರೋಣ ಅಂತಿದ್ದೆ..."

"ಬದುಕಿದಾರೆ. ಸರ್, ನಿಮ್ಮ ಕಾರು ನಮ್ಮೆಜಮಾನ್ರ ತಲೆ ಕೆಡಿಸಿದೆ. ಭಾರ ಇರೋದೆಲ್ಲ ಹಗುರ ಅಂತ ಅವರ ಮೈ ನಂಬ್ಕೊಂಡಿದೆ. ಕಾರಿಂದ ಇಳಿದ ಮೇಲೂ."

ಅವರು ಕುರ್ಚಿಯಲ್ಲಿ ಕೂತರು. ಬೇಸರಿಸಿಕೊಳ್ಳಲಿಲ್ಲ, ಅದಕ್ಕೆ ಅವರ ಮೇಲೆ ಈಗಲೂ ನನಗೆ ಗೌರವವಿದೆ. ಹೇಳುವುದನ್ನೆಲ್ಲ ಕೇಳಿಸಿಕೊಂಡು, ಪರದೆಯ ಮೇಲೆ ನಮ್ಮ ಆರೂ ಜನರ ಪರೀಕ್ಷೆಯ ಗೆರೆಗಳನ್ನು ತೆಗೆದರು.

"ಈ ಅನುಮಾನ ನನಗೆ ಮೊದಲ ದಿನದಿಂದ ಇತ್ತು. ಅದಕ್ಕೇ ನಿಮ್ಮ ಪ್ರಾಣ ತಿಂದು ವಾರವಾರ ತೂಕ ಎತ್ತಿಸಿದ್ದು. ನೋಡಿ, ನೀವೇ ನೋಡಿ. ಚಂದ್ರಹಾಸ್‌ಗಿಂತ ಹತ್ತುಪಟ್ಟು ಓಡಿಸಿದೀರಿ ನೀವೆಲ್ಲ. ಗೆರೆ ಒಂದು ಕೂದಲಷ್ಟೂ ಅಲ್ಲಾಡಿಲ್ಲ. ಅವರಿಗೆ ಆಗಿದ್ರೆ ನಿಮಗೂ ಆಗ್ಬೇಕಿತ್ತಲ್ಲ?"

ಆಗಬೇಕಿತ್ತು. ಕೋಪ ಇತ್ತು, ಆದರೆ ಕೋಪ ಪುರಾವೆಯಾಗುವುದಿಲ್ಲ. ಅವರ ತಲೆಯ ಮೇಲಿನ ಪರದೆಗಳಲ್ಲಿ ಟ್ರ್ಯಾಕಿನ ಕ್ಯಾಮರಾಗಳ ದೃಶ್ಯ ಓಡುತ್ತಿತ್ತು. ಒಂದರಲ್ಲಿ ಶೆಡ್ಡಿನ ಬಾಗಿಲು. ಮಧ್ಯಾಹ್ನದ ಪಾಳಿಯ ಮುನೀರ್ ಲಘಿಮಾದ ಡಿಕ್ಕಿಗೆ ಎರಡೂ ಅಂಗೈ ಕೊಟ್ಟು, ತಲೆ ತಗ್ಗಿಸಿ, ಬೂಟು ಜಾರಿಸುತ್ತ ಕಾರನ್ನು ತಳ್ಳುತ್ತಿದ್ದ. ಕಾರು ಮೊಂಡು ಹಿಡಿದು, ಆಮೇಲೆ ಒಲ್ಲದ ಮನಸ್ಸಿನಿಂದ ಉರುಳಿ ಗೇಟಿನ ಗೆರೆಗೆ ಬಂದಿತು. ಅವನು ಬೆವರೊರೆಸಿಕೊಂಡು ಒಳಗೆ ಕೂತ.

ನಮ್ಮ ಅಪ್ಪ ಗ್ಯಾರೇಜಿಗೆ ಬಂದ ಯಾವ ಗಾಡಿಯನ್ನೂ ಮೊದಲು ಕೈಯಿಂದ ತಳ್ಳದೆ ಓಡಿಸಿದವರಲ್ಲ. ಯಾಕೆ ಎಂದರೆ ನಗುತ್ತಿದ್ದರು. ಅಭ್ಯಾಸ ನನಗೆ ಅಂಟಿತು, ನನ್ನಿಂದ ಟ್ರ್ಯಾಕಿನವರಿಗೆಲ್ಲ ಅಂಟಿತು. ಕಾರು ತಾನೇ ಶೆಡ್ಡಿನಿಂದ ಈಚೆ ಬರಬಲ್ಲದು, ಆದರೂ ನಾವು ನ್ಯೂಟ್ರಲ್ಲಿಗೆ ಹಾಕಿ ಗೆರೆಯವರೆಗೆ ಒಬ್ಬೊಬ್ಬರೇ ತಳ್ಳುತ್ತೇವೆ. ತಳ್ಳಲಾರದವನು ಆ ದಿನ ಎಲ್ಲರಿಗೂ ಬೋಂಡ ಕೊಡಿಸಬೇಕು. ಇದು ನಮ್ಮ ಆಟ. ಪರೀಕ್ಷೆಯ ನಿಯಮಗಳಲ್ಲಿ ಎಲ್ಲೂ ಇಲ್ಲ. ಇಂದುಶೇಖರ್ ದಿನಾ ನೋಡುತ್ತಿದ್ದರು, ಡ್ರೈವರುಗಳ ಆಯುಧಪೂಜೆಯಂಥ ನಂಬಿಕೆ ಇರಬೇಕೆಂದು ಸುಮ್ಮನಿದ್ದರು.

"ಸರ್," ಎಂದೆ. "ನಾವು ದಿನಾ ತಳ್ತೀವಿ."

"ಏನು?"

"ದಿನಾ ಓಡಿಸೋಕೆ ಮುಂಚೆ ಅದರ ನಿಜವಾದ ತೂಕ ನಮ್ಮ ಕೈಗೆ, ಬೆನ್ನಿಗೆ ಸಿಗುತ್ತೆ. ತೂಕಗಳ್ಳ ಎಂಟು ಗಂಟೆ ಹೇಳಿದ ಸುಳ್ಳನ್ನ ಮಾರನೇ ದಿನ ಮೊದಲು ನಾವು ಅಳಿಸಿ ಹಾಕ್ತಿದ್ವಿ. ನಮ್ಮನೇಲಿ ಯಾರು ತಳ್ತಾರೆ ಸರ್? ಆ್ಯಪ್ ಒತ್ತಿದ್ರೆ ಬಾಗಿಲಿಗೆ ಬಂದು ನಿಲ್ಲುತ್ತೆ."

ಇಂದುಶೇಖರ್ ಪರದೆ ನೋಡಿದರು, ನನ್ನನ್ನು ನೋಡಿದರು. ಮುಖದ ರಕ್ತ ಇಳಿದುಹೋಗಿತ್ತು. ಆದರೂ ವಿಜ್ಞಾನಿಯಲ್ಲವೇ, "ಇದು ಊಹೆ ಆಯ್ತು. ತಳ್ಳದೇ ಓಡಿಸಿದವರು ಯಾರಾದ್ರೂ ನಿಮ್ಮಲ್ಲಿ..." ಎಂದರು.

ಇದ್ದ. ಮುನೀರನಿಗೆ ಚಳಿಗಾಲದಲ್ಲಿ ಹರ್ನಿಯಾ ಆಪರೇಶನ್ ಆಗಿತ್ತು. ಕಾರು ಓಡಿಸು, ಭಾರ ಮಾತ್ರ ಮುಟ್ಟಬೇಡ ಎಂದು ಡಾಕ್ಟರು ಹೇಳಿದ್ದರು. ಲ್ಯಾಬಿನ ತೂಕ ಎತ್ತುವ ಪರೀಕ್ಷೆಯಿಂದಲೂ ಅವನಿಗೆ ರಜೆ ಸಿಕ್ಕಿತ್ತು. ಮೂರು ವಾರ ಅವನ ಬೋಂಡ ತಿಂದು ನಾವು ದಪ್ಪಗಾಗಿದ್ದೆವು. ಮೈಕ್ ಒತ್ತಿ ಟ್ರ್ಯಾಕಿನಲ್ಲಿದ್ದವನನ್ನು ಕರೆದೆ.

"ಮುನೀರ್, ಆಪರೇಶನ್ ಆದ್ಮೇಲೆ ಮನೇಲಿ ಏನಾದ್ರೂ ಎತ್ತೋಕೆ ಹೋಗಿ ಬೀಳಿಸಿದ್ಯೇನೋ?"

ಸ್ಪೀಕರಿನಲ್ಲಿ ನಗು ಕೇಳಿಸಿತು. "ಅದ್ಯಾಕೆ ಈಗ ಅಕ್ಕ? ಬೀಳಿಸದೇ ಇದ್ದಿದ್ದೇನು ಅಂತ ಕೇಳು. ಅಕ್ಕಿ ಮೂಟೆ ಒಂದೇ ಕೈಲಿ ಎಳೆಯಕ್ಕೋಗಿ ಹೊಲಿಗೆ ಬಿಚ್ಕೊಂಡಿತ್ತು, ಅಮ್ಮಿ ಬೈದಿದ್ದೇ ಬೈದಿದ್ದು. ಭಾರ ಅಂತಾನೇ ಅನ್ನಿಸ್ತಿರ್ಲಿಲ್ಲ ಅಕ್ಕ. ಔಷಧಿ ಅಮಲು ಅಂದ್ಕೊಂಡೆ. ನಿಮ್ ಜೊತೆ ಮತ್ತೆ ತಳ್ಳಕ್ಕೆ ಶುರು ಮಾಡಿದ್ಮೇಲೆ ತಾನೇ ಹೋಯ್ತು."

ಇಂದುಶೇಖರ್ ಕೋಟಿನಿಂದ ಫೋನ್ ತೆಗೆದರು. ಎರಡು ಸಲ ತಪ್ಪು ನಂಬರ್ ಒತ್ತಿದರು. "ಕೀ ಕೊಡ್ಬೇಡಿ. ಒಂದೂ ಕೊಡ್ಬೇಡಿ. ಮನೆಗಳಿಗೆ ಕೊಟ್ಟಿರೋದನ್ನೂ ಈಗಲೇ ನಿಲ್ಲಿಸಿ, ಅವರಿಗೆಲ್ಲ ಫೋನ್ ಮಾಡಿ ರಸ್ತೆಗೆ ಇಳೀಬೇಡಿ ಅನ್ನಿ. ಹೌದು, ನಡ್ಕೊಂಡೂ ಇಳೀಬಾರದು!" ಎಂದು ಕೂಗಿದರು. ಅವರು ಕೂಗಿದ್ದನ್ನು ನಾನು ಅಂದೇ ಮೊದಲು ಕೇಳಿದ್ದು.

ನನಗೆ ಒಂದು ಗಳಿಗೆ ಹಗುರವಾಯಿತು. ಗಂಡ ತಳ್ಳಿ ತಳ್ಳಿ ಸರಿಹೋಗುತ್ತಾರೆ, ಕಾಲು ಕೂಡಿಕೊಳ್ಳುತ್ತದೆ ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಕ್ಯಾಮರಾ ಪರದೆಯಲ್ಲಿ ಮುನೀರ್ ಕಾರು ನಿಲ್ಲಿಸಿ ಬಾಗಿಲು ತೆರೆದ. ಅವನ ಸೀಟಿನ ಹಿಂದೆ ಇನ್ನೊಂದು ತಲೆದಿಂಬು ಕಂಡಿತು.

"ಸರ್, ಹಿಂದಿನ ಸೀಟಲ್ಲೂ ಪ್ಯಾಡ್ ಇದೆಯಾ?"

"ಇದೆ. ಇಲ್ಲಾಂದ್ರೆ ಹಿಂದೆ ಕೂತವರಿಗೆ ವಾಂತಿ..." ಎಂದವರು ಅಲ್ಲೇ ನಿಲ್ಲಿಸಿದರು.

ಗೋಡೆ ಗಡಿಯಾರದಲ್ಲಿ ನಾಲ್ಕು ಹೊಡೆಯುವುದರಲ್ಲಿತ್ತು. ಅಪ್ಪ ಆಸ್ಪತ್ರೆಯಲ್ಲಿರುವುದರಿಂದ ಮೈತ್ರಿ ಅಂದು ಶಾಲೆಯ ಬಸ್ಸಿನಲ್ಲಿ ಬರಬೇಕಿತ್ತು. ಬಸ್ಸು ಹೆದ್ದಾರಿಯ ಆಚೆ ಬದಿಗೆ ಇಳಿಸುತ್ತದೆ. ನಮ್ಮ ಮನೆ ಈಚೆ ಬದಿಗೆ. ಲಘಿಮಾ ಬರುವ ಮುಂಚೆ ಮೂರು ವರ್ಷ ಒಬ್ಬಳೇ ದಾಟಿ ಅಭ್ಯಾಸವಿರುವ ಹುಡುಗಿ, ಎರಡೂ ಕಡೆ ನೋಡಿಯೇ ದಾಟುತ್ತಾಳೆ. ಅವಳಪ್ಪನೂ ನೋಡಿಯೇ ದಾಟಿದ್ದರು.

ಮನೆಯಲ್ಲಿದ್ದ ಅಮ್ಮನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಓಡುತ್ತ ಮತ್ತೆ ಮಾಡಿದೆ. ಶೆಡ್ಡಿನ ಬಳಿ ಕೈಗೆ ಸಿಕ್ಕಿದ್ದು ಹೋಲಿಕೆಗೆಂದು ಇಟ್ಟಿದ್ದ ಹಳೇ ಪೆಟ್ರೋಲ್ ಕಾರು. ಎರಡೇ ಸೀಟು, ಎಂಜಿನ್ ಮುಂದೆ, ತಳ್ಳುವುದು ಹಿಂದಿನ ಚಕ್ರ, ತೂಕ ಒಂಬೈನೂರು ಕಿಲೋ. ಅಂದು ನಾನು ಅದನ್ನು ತಳ್ಳಲಿಲ್ಲ. ಗೇಟಿನ ತಿರುವಿನಲ್ಲಿ ಜಲ್ಲಿಪುಡಿಯ ಮೇಲೆ ಹಿಂಭಾಗ ಜಾರುವುದನ್ನು ಸೀಟು ನನ್ನ ಸೊಂಟಕ್ಕೆ ಮೊದಲೇ ಹೇಳಿತು, ಅಂಗೈ ತಾನೇ ತಿದ್ದಿತು. ಎಷ್ಟು ವೇಗ, ಎಷ್ಟು ಹಿಡಿತ, ಎಲ್ಲಿ ನಿಂತೇನು, ಎಲ್ಲವನ್ನೂ ಆ ಮುದಿ ಕಾರು ಮುಚ್ಚುಮರೆಯಿಲ್ಲದೆ ಹೇಳುತ್ತಿತ್ತು. ಇದನ್ನೇ ಬಯಸಿ ಅತ್ತಿದ್ದೆವು ನಾವು. ಕೊಟ್ಟಿದ್ದು ಏನನ್ನು?

ಹೆದ್ದಾರಿಗೆ ಬಂದಾಗ ಹಳದಿ ಬಸ್ಸು ಹೊರಟಾಗಿತ್ತು. ಮೈತ್ರಿ ಆ ಬದಿಯ ಎರಡು ಪಥಗಳನ್ನು ದಾಟಿ, ರಸ್ತೆ ನಡುವಿನ ಗಣಗಲೆ ಗಿಡಗಳ ಸಂದಿಯಲ್ಲಿ ನಿಂತಿದ್ದಳು. ಬೆನ್ನಲ್ಲಿ ನೀಲಿ ಚೀಲ. ಈ ಬದಿಯಲ್ಲಿ ಸಿಮೆಂಟಿನ ಲಾರಿಯೊಂದು ಬರುತ್ತಿತ್ತು. ನಾನು ಬಸ್ಸು ಹೋದ ಬದಿಯಲ್ಲೇ ಡಿವೈಡರಿಗೆ ಉಜ್ಜಿಕೊಂಡೇ ಕಾರು ನಿಲ್ಲಿಸಿ ಕೆಳಗೆ ಹಾರಿದೆ. ಅವಳು ಲಾರಿಯ ಕಡೆ ತಿರುಗಿ ಅದನ್ನು ಚೆನ್ನಾಗಿಯೇ ನೋಡಿದಳು. ಕಣ್ಣಲ್ಲೇ ದೂರ ಅಳೆದಳು. ಆಮೇಲೆ, ನಮ್ಮ ಮನೆಯ ಹೊಸ್ತಿಲು ದಾಟುವಷ್ಟು ನಿರಾಳವಾಗಿ, ರಸ್ತೆಗೆ ಕಾಲಿಟ್ಟಳು.

ನನ್ನ ಬಾಯಿಂದ ಕೂಗು ಹೊರಟಿತೋ ಇಲ್ಲವೋ ನೆನಪಿಲ್ಲ. ಚೀಲದ ಪಟ್ಟಿ ಕೈಗೆ ಸಿಕ್ಕಿತು. ಎಳೆದ ರಭಸಕ್ಕೆ ಇಬ್ಬರೂ ಗಣಗಲೆ ಗಿಡದ ಮೇಲೆ ಬಿದ್ದೆವು. ಲಾರಿ ಚಕ್ರಗಳನ್ನು ಕಿರುಚಿಸುತ್ತ ನಮ್ಮ ಕಾಲಿನ ಪಕ್ಕದಲ್ಲೇ ಹಾದು, ಹಾದು, ಇನ್ನೂ ಹಾದು, ತುಂಬ ಮುಂದೆ ಹೋಗಿ ನಿಂತಿತು.

ಮೈತ್ರಿ ಎದ್ದು ಲಂಗದ ಮಣ್ಣು ಒದರಿಕೊಂಡಳು. ಅವಳಿಗೆ ಭಯವೇ ಆಗಿರಲಿಲ್ಲ. ಮೊಣಕೈ ತರಚಿದ್ದಕ್ಕೆ ಮುಖ ಗಂಟಿಕ್ಕಿದ್ದಳು, ಅಷ್ಟೇ.

"ಯಾಕಮ್ಮ ಹಂಗ್ ಎಳ್ದೆ? ಅದು ನಿಲ್ತಿತ್ತು."

ಅವಳ ಕೆನ್ನೆಗೆ ಹೊಡೆಯಲು ಕೈ ಎತ್ತಿದ್ದವಳು ಹಾಗೇ ತಬ್ಬಿಕೊಂಡೆ. ಲಾರಿ ಡ್ರೈವರ್ ಇಳಿದು ಬೈಯುತ್ತ ಬಂದವನು ನಮ್ಮನ್ನು ನೋಡಿ ತಾನೂ ರಸ್ತೆಯಂಚಿಗೆ ಕುಕ್ಕರುಗಾಲಲ್ಲಿ ಕೂತುಬಿಟ್ಟ.

ಅವಳ ಕೈ ಬಿಡದೆ ಹಳೇ ಕಾರಿನ ಬಳಿ ಕರೆದೊಯ್ದು, ಹ್ಯಾಂಡ್‌ಬ್ರೇಕ್ ಇಳಿಸಿ, ನ್ಯೂಟ್ರಲ್ಲಿಗೆ ಹಾಕಿದೆ. ಅವಳ ಎರಡೂ ಅಂಗೈಗಳನ್ನು ಡಿಕ್ಕಿಯ ಮೇಲಿಟ್ಟೆ.

"ತಳ್ಳು."

"ಇದನ್ನಾ?" ನಕ್ಕಳು. ಚಿಕ್ಕ ಕಾರು, ನಮ್ಮ ಲಘಿಮಾದ ಅರ್ಧವೂ ಇಲ್ಲ. ಬೆರಳ ತುದಿಯಿಂದ ತಳ್ಳಿದಳು. ಆಮೇಲೆ ಅಂಗೈಯಿಂದ ತಳ್ಳಿದಳು. ಆಮೇಲೆ ಭುಜ ಕೊಟ್ಟು, ಉಸಿರು ಬಿಗಿಹಿಡಿದು, ಶೂ ಜಾರುವವರೆಗೂ ತಳ್ಳಿದಳು.

"ಅಮ್ಮ, ಇದು ಅಲ್ಲಾಡ್ತಾನೇ ಇಲ್ಲ."

"ಲಾರಿ ಇದರ ಇಪ್ಪತ್ತೈದು ಪಟ್ಟು ಭಾರ ಇದೆ ಪುಟ್ಟಿ."

ಅವಳು ಅಂಗೈಗಳನ್ನು ಎತ್ತಿ ನೋಡಿಕೊಂಡಳು. ಕೆಂಪಾಗಿದ್ದವು. ತಲೆ ಎತ್ತಿ ದೂರದಲ್ಲಿ ನಿಂತ ಲಾರಿಯನ್ನು ನೋಡಿದಳು. ಆಮೇಲೆ ಅದು ರಸ್ತೆಯ ಮೇಲೆ ಬಿಟ್ಟುಹೋದ ಉದ್ದನೆಯ ಕಪ್ಪು ಗೆರೆಯನ್ನು, ತಾನು ಕಾಲಿಟ್ಟ ಜಾಗದಿಂದ ಹಿಡಿದು ಆ ತುದಿಯವರೆಗೆ, ನಿಧಾನವಾಗಿ ನೋಡುತ್ತ ಹೋದಳು.

ಅವಳ ಮುಖದ ಬಣ್ಣ ಬದಲಾದದ್ದು ಆಗ. ಎರಡೂ ಕೈಗಳಿಂದ ನನ್ನ ಸೆರಗು ಹಿಡಿದುಕೊಂಡು, ಹುಟ್ಟಿದ ಮೇಲೆ ಎಂದೂ ಅತ್ತಿರದಂತೆ ಅಳತೊಡಗಿದಳು.